ಲಿನಕ್ಸ್ ತನ್ನ ಕಾಲ ಮೇಲೆ ತಾನು ನಿಂತ ಬಗೆ

ಕಮ್ಮಾರನು ಸುತ್ತಿಗೆಯನ್ನು ಮಾಡುತ್ತಾನೆ. ಆದರೆ ಕಾದ ಕಬ್ಬಿಣವನ್ನು ಬಡಿದು ಸುತ್ತಿಗೆಯ ಆಕಾರಕ್ಕೆ ತರಬೇಕಾದರೆ ಅವನ ಕೈಯಲ್ಲಿ ಮೊದಲೇ ಒಂದು ಸುತ್ತಿಗೆ ಇರಬೇಕು. ಹಾಗಾದರೆ ಲೋಕದ ಮೊತ್ತಮೊದಲ ಸುತ್ತಿಗೆಯನ್ನು ಬಡಿದ ಸುತ್ತಿಗೆ ಯಾವುದು? ತರಗತಿಯಲ್ಲಿ ಚುರುಕಾದ ಹುಡುಗರು ಇಂಥ ಪ್ರಶ್ನೆಗಳನ್ನು ಕೇಳಿದಾಗ ನಾವು ಉಪಾಧ್ಯಾಯರು "ಇದೇ ಬೀಜಾಂಕುರ ನ್ಯಾಯ" ಎಂದು ನಕ್ಕು ಪಾಠವನ್ನು ಮುಂದುವರಿಸುವುದುಂಟು.

ಆದರೆ ಗಣಕಯಂತ್ರಗಳ ಲೋಕದಲ್ಲಿ ಇದು ನಕ್ಕು ಬಿಡುವ ಪ್ರಶ್ನೆಯಲ್ಲ. ಅಲ್ಲಿ ತಂತ್ರಾಂಶವನ್ನು ಮಾಡುವ ಸಲಕರಣೆಗಳೂ ತಂತ್ರಾಂಶಗಳೇ. ಹೊಸದೊಂದು ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯಹೊರಟವನು ಅದನ್ನು ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯ ಒಳಗೆ ಕುಳಿತೇ ಬರೆಯಬೇಕು. ಬಾಡಿಗೆ ಮನೆಯಲ್ಲಿದ್ದುಕೊಂಡು ಸ್ವಂತ ಮನೆ ಕಟ್ಟಿಸಿದಂತೆ! ಕಟ್ಟಿಸುತ್ತಿರುವ ಮನೆಯಲ್ಲಿ ಒಲೆ ಹೂಡಿ, ಅಲ್ಲಿಯೇ ಅಡುಗೆ ಮಾಡಿ ಉಂಡ ದಿನ ಅದು ಮನೆಯಾಗುತ್ತದೆ. ಕಾರ್ಯಾಚರಣ ವ್ಯವಸ್ಥೆಗೂ ಅಂಥ ಒಂದು ದಿನವಿದೆ. ತನ್ನ ಒಳಗೇ ಕಂಪೈಲರನ್ನು ನಡೆಸಿ, ಅದರ ಫಲಿತವನ್ನು ಯಂತ್ರಭಾಷೆಗೆ ಇಳಿಸಿ, ತುಂಡುಗಳನ್ನೆಲ್ಲ ಹೊಲಿದು, ತನ್ನ ಮುಂದಿನ ಆವೃತ್ತಿಯನ್ನು ತಾನೇ ಹೆರುವ ದಿನ ಅದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯೊಬ್ಬ ಹವ್ಯಾಸಕ್ಕಾಗಿ ಬರೆದ ವ್ಯವಸ್ಥೆಗೆ ಆ ದಿನ ಹೇಗೆ ಬಂತು, ಅದರ ಹಿಂದೆ ಯಾರು ಯಾರ ಕೈಗಳಿದ್ದವು ಎಂಬುದನ್ನು ಹೇಳುವುದು ಈ ಬರಹದ ಉದ್ದೇಶ. ಲಿನಕ್ಸ್ ಎಂಬ ಹೆಸರು ಎಲ್ಲರ ಕಿವಿಗೂ ಬಿದ್ದಿದೆ. ಆದರೆ ಅದರ ಕಥೆಯನ್ನು ಹೇಳುವವರು ಈ ಕೊನೆಯ ಹೊಲಿಗೆಯ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಶಾಲೆಯ ವಾರ್ಷಿಕ ಸಂಚಿಕೆ

ಮೊದಲು ಈ ಕೆಲಸದ ಸ್ವರೂಪವನ್ನು ತಿಳಿದುಕೊಳ್ಳೋಣ. ಮನುಷ್ಯನು ಸಿ ಮುಂತಾದ ಭಾಷೆಯಲ್ಲಿ ಕ್ರಮವಿಧಿಯನ್ನು ಬರೆಯುತ್ತಾನೆ. ಕಂಪೈಲರು ಅದನ್ನು ಓದಿ, ಯಂತ್ರದ ಒಂದೊಂದು ಆದೇಶಕ್ಕೂ ಒಂದೊಂದು ಸಾಲಿನಂತೆ, ಅಸೆಂಬ್ಲಿ ಎಂಬ ಸಂಕೇತ ಭಾಷೆಗೆ ಬಿಡಿಸುತ್ತದೆ. ಅಸೆಂಬ್ಲರು ಆ ಸಂಕೇತಗಳನ್ನು ಸೊನ್ನೆ ಮತ್ತು ಒಂದುಗಳ ಯಂತ್ರಭಾಷೆಗೆ ಇಳಿಸುತ್ತದೆ. ಇಷ್ಟಾದರೂ ಕೆಲಸ ಮುಗಿಯಲಿಲ್ಲ. ದೊಡ್ಡ ಕ್ರಮವಿಧಿಯನ್ನು ಹತ್ತಾರು ಕಡತಗಳಲ್ಲಿ ಬರೆದಿರುತ್ತಾರೆ. ಒಂದೊಂದು ಕಡತವೂ ಬೇರೆ ಬೇರೆಯಾಗಿಯೇ ಈ ಹಂತದವರೆಗೆ ಬಂದಿರುತ್ತದೆ. ಅವನ್ನೆಲ್ಲ ಸೇರಿಸಿ ಓಡಬಲ್ಲ ಒಂದೇ ಕಡತವನ್ನಾಗಿ ಮಾಡುವವನು ಲಿಂಕರ್.

ನಮ್ಮ ಶಾಲೆಗಳ ವಾರ್ಷಿಕ ಸಂಚಿಕೆಯನ್ನು ನೆನೆಸಿಕೊಳ್ಳಿ. ಐದಾರು ಜನ ಅಧ್ಯಾಪಕರು ಐದಾರು ಲೇಖನಗಳನ್ನು ಬರೆದುಕೊಡುತ್ತಾರೆ. ಪ್ರತಿಯೊಬ್ಬರೂ ತಮ್ಮ ಲೇಖನದ ಪುಟಗಳಿಗೆ 1ರಿಂದಲೇ ಅಂಕಿ ಹಾಕಿರುತ್ತಾರೆ. "ಮೂರನೆಯ ಪುಟದಲ್ಲಿ ಹೇಳಿದಂತೆ" ಎಂದು ತಮ್ಮ ಲೇಖನವನ್ನೇ ಉಲ್ಲೇಖಿಸುತ್ತಾರೆ. ಮತ್ತೆ ಕೆಲವೆಡೆ "ಭೂಗೋಳದ ಮೇಷ್ಟರ ಭೂಪಟವನ್ನು ನೋಡಿ, ಪುಟ..." ಎಂದು ಬರೆದು ಅಂಕಿಯ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ; ಆ ಭೂಪಟ ಯಾವ ಪುಟದಲ್ಲಿ ಬರುವುದೋ ಅವರಿಗೇನು ಗೊತ್ತು? ಸಂಚಿಕೆಯನ್ನು ಜೋಡಿಸುವ ಸಂಪಾದಕನ ಪಾಡನ್ನು ಈಗ ಊಹಿಸಿ. ಕನ್ನಡದ ಲೇಖನ 41ನೆಯ ಪುಟದಿಂದ ಆರಂಭವಾಗುವುದಾದರೆ ಅದರೊಳಗಿನ "ಮೂರನೆಯ ಪುಟ" 43ನೆಯದಾಗಬೇಕು. ಖಾಲಿ ಬಿಟ್ಟಲ್ಲೆಲ್ಲ ನಿಜವಾದ ಅಂಕಿಯನ್ನು ತುಂಬಬೇಕು. ಭೂಪಟವೇ ಬಾರದಿದ್ದರೆ ಸಂಚಿಕೆಯನ್ನು ತಡೆಹಿಡಿದು ದೂರು ಹೇಳಬೇಕು. ಲಿಂಕರು ಮಾಡುವುದು ಇಷ್ಟೇ ಕೆಲಸ. ಪುಟದ ಬದಲು ಅಲ್ಲಿ ಸ್ಮೃತಿಕೋಶದ ವಿಳಾಸ, ಅಷ್ಟೇ.

ಮೂವತ್ತು ವರ್ಷ ವ್ಯಾಕರಣ ಪಾಠ ಹೇಳಿದ ನನಗೆ ಇಲ್ಲಿ ಸಂಧಿ ಪ್ರಕರಣ ನೆನಪಾಗದೆ ಇರದು. ಮಳೆ, ಕಾಲ ಎಂಬ ಪದಗಳನ್ನು ಪಕ್ಕ ಪಕ್ಕದಲ್ಲಿಟ್ಟ ಮಾತ್ರಕ್ಕೆ ಅವು ಕೂಡಿದಂತಾಗುವುದಿಲ್ಲ. ಕೂಡುವಲ್ಲಿ ಒಂದು ಅಕ್ಷರ ಬದಲಾಗಿ "ಮಳೆಗಾಲ"ವಾಗಬೇಕು. ಮನೆ, ಅಲ್ಲಿ ಎಂಬುವು ಕೂಡುವಾಗ ನಡುವೆ ಯಕಾರ ಬಂದು "ಮನೆಯಲ್ಲಿ" ಎಂದಾಗಬೇಕು. ಬದಲಾವಣೆ ಕೂಡುವ ಜಾಗದಲ್ಲಿ ಮಾತ್ರ, ಉಳಿದುದೆಲ್ಲ ಹಾಗೆಯೇ. ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಹಳೆಯ ಶಿಷ್ಯನೊಬ್ಬನಿಗೆ ಈ ಹೋಲಿಕೆಯನ್ನು ಹೇಳಿದಾಗ, "ಸಾರ್, ಇದನ್ನು ನಮ್ಮ ಕಾಲೇಜಿನಲ್ಲಿ ಹೀಗೆ ಹೇಳಿಕೊಟ್ಟಿದ್ದರೆ ಲಿಂಕರಿಗೆ ಅಷ್ಟು ಹೆದರುತ್ತಿರಲಿಲ್ಲ" ಎಂದ. ಇರಲಿ.

ಕೇಂಬ್ರಿಜ್ಜಿನ ಕಾಗದದ ಸುರುಳಿಗಳು

ಈ ಜೋಡಣೆಯ ಕಷ್ಟ ಗಣಕಯಂತ್ರದಷ್ಟೇ ಹಳೆಯದು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ಅವರ ನೇತೃತ್ವದಲ್ಲಿ ಕಟ್ಟಿದ ಎಡ್‌ಸಾಕ್ ಎಂಬ ಯಂತ್ರ 1949ರ ಮೇ 6ರಂದು ತನ್ನ ಮೊದಲ ಲೆಕ್ಕವನ್ನು ಮಾಡಿತು. ಆಗ ಅಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಡೇವಿಡ್ ವೀಲರ್ ಎಂಬ ಯುವಕ "ಆರಂಭಿಕ ಆದೇಶಗಳು" ಎಂಬ 31 ಆದೇಶಗಳ ಪುಟ್ಟ ಕ್ರಮವಿಧಿಯನ್ನು ರಚಿಸಿದ. ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಬಳಸುತ್ತಿದ್ದಂಥ ಸ್ವಿಚ್ಚುಗಳಲ್ಲಿ ಅದನ್ನು ತಂತಿ ಕಟ್ಟಿ ಶಾಶ್ವತವಾಗಿ ಇರಿಸಿದ್ದರು. ಮನುಷ್ಯನು ಅಕ್ಷರ ಮತ್ತು ದಶಮಾಂಶ ಅಂಕಿಗಳಲ್ಲಿ ಕಾಗದದ ಪಟ್ಟಿಯ ಮೇಲೆ ತೂತು ಕೊರೆದು ಕೊಟ್ಟ ಆದೇಶಗಳನ್ನು ಅದು ಓದಿ, ಯಂತ್ರದ ದ್ವಿಮಾನ ರೂಪಕ್ಕೆ ತಿರುಗಿಸಿ ಸ್ಮೃತಿಯಲ್ಲಿ ಕೂರಿಸುತ್ತಿತ್ತು. ಅಸೆಂಬ್ಲರುಗಳ ವಂಶವೃಕ್ಷದ ಬೇರು ಇಲ್ಲಿದೆ.

ಮತ್ತೆ ಮತ್ತೆ ಬೇಕಾಗುವ ಲೆಕ್ಕಗಳನ್ನು, ಅಂದರೆ ವರ್ಗಮೂಲ, ತ್ರಿಕೋನಮಿತಿಯ ಬೆಲೆಗಳು ಇತ್ಯಾದಿಗಳನ್ನು, ಬೇರೆ ಬೇರೆ ಪಟ್ಟಿಗಳಲ್ಲಿ ಕೊರೆದು ಒಂದು ಭಂಡಾರವನ್ನು ಮಾಡಿಟ್ಟುಕೊಂಡರು. ಬೇಕಾದವನು ಬೇಕಾದ ಪಟ್ಟಿಯನ್ನು ತನ್ನ ಪಟ್ಟಿಗೆ ನಕಲು ಮಾಡಿಕೊಳ್ಳಬಹುದು. ಆದರೆ ಆ ಉಪವಿಧಿ ಸ್ಮೃತಿಯಲ್ಲಿ ಎಲ್ಲಿ ಕೂರುವುದೆಂದು ಮುಂಚೆಯೇ ಹೇಳುವಂತಿಲ್ಲವಲ್ಲ! ಆರಂಭಿಕ ಆದೇಶಗಳ ಎರಡನೆಯ ಆವೃತ್ತಿಯಲ್ಲಿ ವೀಲರ್ ಇದಕ್ಕೆ ಪರಿಹಾರ ಕಂಡುಕೊಂಡ. ಆದೇಶದ ಕೊನೆಯಲ್ಲಿ ಒಂದು ಸಂಕೇತಾಕ್ಷರವಿದ್ದರೆ "ಈ ವಿಳಾಸವನ್ನು ಉಪವಿಧಿಯ ಆರಂಭದಿಂದ ಎಣಿಸಬೇಕು" ಎಂದರ್ಥ; ಓದುವಾಗಲೇ ಯಂತ್ರ ಆ ಕೂಡುವಿಕೆಯನ್ನು ಮಾಡಿಬಿಡುವುದು. ಇಷ್ಟನ್ನೂ ಅವನು 41 ಆದೇಶಗಳಲ್ಲಿ ಅಡಗಿಸಿದ್ದ. ಸಂಚಿಕೆಯ ಪುಟಸಂಖ್ಯೆಯನ್ನು ತಿದ್ದುವ ಸಂಪಾದಕನ ಕೆಲಸ ಹೀಗೆ ಯಂತ್ರದ ಪಾಲಿಗೆ ಬಂತು.

ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲಿ ಗ್ರೇಸ್ ಹಾಪರ್ ಎಂಬ ಮಹಿಳೆ ಯುನಿವಾಕ್ ಯಂತ್ರಕ್ಕಾಗಿ ಎ-ಸೊನ್ನೆ ಎಂಬ ತಂತ್ರಾಂಶವನ್ನು ರಚಿಸಿದರು. 1952ರಲ್ಲಿ ಅದರ ಬಗ್ಗೆ ಪ್ರಬಂಧವನ್ನೂ ಮಂಡಿಸಿದರು. ಅದನ್ನು ಅವರು ಕರೆದದ್ದು ಕಂಪೈಲರ್ ಎಂದು. ಆದರೆ ಅದು ಮಾಡುತ್ತಿದ್ದದ್ದು ಭಂಡಾರದ ಉಪವಿಧಿಗಳನ್ನು ಆಯ್ದು, ವಿಳಾಸಗಳನ್ನು ತಿದ್ದಿ, ಒಟ್ಟುಗೂಡಿಸುವ ಕೆಲಸ. ಸಂಕಲನ ಮಾಡುವುದೇ ಕಂಪೈಲ್ ಎಂಬ ಇಂಗ್ಲಿಷ್ ಪದದ ಮೂಲಾರ್ಥವಲ್ಲವೆ? ಇಂದಿನ ಕಣ್ಣಿನಿಂದ ನೋಡಿದರೆ ಹಾಪರ್ ಅವರ ಎ-ಸೊನ್ನೆಯನ್ನು ಲಿಂಕರ್ ಎನ್ನುವುದೇ ಹೆಚ್ಚು ಸರಿ. ಕಂಪೈಲರ್ ಎಂಬ ಕೀರ್ತಿಯ ಹೆಸರು ಮೊದಲು ಸಂದದ್ದು ಈ ಹೊಲಿಗೆಯ ಕೆಲಸಕ್ಕೆ. ಆಮೇಲೆ ಹೆಸರು ಬೇರೆಯವರ ಪಾಲಾಯಿತು, ದುಡಿಮೆ ಇವನಿಗೇ ಉಳಿಯಿತು!

ಬೆಲ್ ಪ್ರಯೋಗಾಲಯದ ಉದಾಹರಣೆ

ಸ್ವಂತ ಒಲೆ ಹೂಡುವ ಮಾತಿಗೆ ಬರೋಣ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಅವರು ಪಿಡಿಪಿ-7 ಎಂಬ ಸಣ್ಣ ಯಂತ್ರದ ಮೇಲೆ ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟಲು ಹೊರಟಾಗ ಆ ಯಂತ್ರದಲ್ಲಿ ಅವರದೆನ್ನುವ ಯಾವ ಸಲಕರಣೆಯೂ ಇರಲಿಲ್ಲ. ಜನರಲ್ ಎಲೆಕ್ಟ್ರಿಕ್ ಕಂಪನಿಯ ದೊಡ್ಡ ಯಂತ್ರವೊಂದರ ಮೇಲೆ ಕ್ರಮವಿಧಿಗಳನ್ನು ಅಸೆಂಬಲ್ ಮಾಡಿ, ಕಾಗದದ ಪಟ್ಟಿಗೆ ಕೊರೆಸಿ, ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ತಂದು ಪಿಡಿಪಿ-7ಕ್ಕೆ ಉಣಿಸುತ್ತಿದ್ದರು. ತಪ್ಪಾದರೆ ಮತ್ತೆ ಅದೇ ಪ್ರದಕ್ಷಿಣೆ. ಕರ್ನಲ್, ಸಂಪಾದಕ, ಅಸೆಂಬ್ಲರ್, ಷೆಲ್ ಮತ್ತು ಒಂದಷ್ಟು ಪುಟ್ಟ ಉಪಕರಣಗಳು ಸಿದ್ಧವಾದ ಮೇಲೆ ಈ ಓಡಾಟ ನಿಂತಿತು. ಅಲ್ಲಿಂದ ಮುಂದೆ ಯುನಿಕ್ಸ್ ಬೆಳೆದದ್ದು ಯುನಿಕ್ಸಿನ ಒಳಗೇ.

ಥಾಂಪ್ಸನ್ನರ ಆ ಅಸೆಂಬ್ಲರು ಅತ್ಯಂತ ಸರಳವಾದದ್ದು. ಭಂಡಾರವಿಲ್ಲ, ಲಿಂಕರ್ ಇಲ್ಲ. ಇಡೀ ಕ್ರಮವಿಧಿಯನ್ನು ಒಟ್ಟಿಗೆ ಕೊಡಬೇಕು. ಅದು ಓಡಲು ಸಿದ್ಧವಾದ ಕಡತವನ್ನು ನೇರವಾಗಿ ಹೊರಹಾಕುತ್ತದೆ. ಆ ಕಡತಕ್ಕೆ ಯಾವಾಗಲೂ ಒಂದೇ ಹೆಸರು: "ಎ.ಔಟ್", ಅಂದರೆ ಅಸೆಂಬ್ಲರಿನ ಔಟ್‌ಪುಟ್. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ಕಥೆಯ ಕೊನೆಯವರೆಗೂ ಇದು ಬರುತ್ತದೆ.

ಬಡವರ ಮನೆಯ ಮೂರು ಸಾಲಗಳು

ಮುಂದೆ ಯುನಿಕ್ಸ್ ದೊಡ್ಡ ಸಂಸ್ಥೆಗಳ ಸೊತ್ತಾಯಿತು. ಅದರ ಮೂಲಪಠ್ಯವನ್ನು ತರಗತಿಯಲ್ಲಿ ಪಾಠ ಮಾಡುವುದಕ್ಕೂ ಪರವಾನಗಿಯ ತೊಡಕು ಬಂದಿತು. ಆಗ ಆಮ್‌ಸ್ಟರ್‌ಡಾಮಿನ ಪ್ರಾಧ್ಯಾಪಕ ಆಂಡ್ರ್ಯೂ ಟಾನೆನ್‌ಬಾಮ್ ಅವರು ವಿದ್ಯಾರ್ಥಿಗಳಿಗಾಗಿಯೇ ಮಿನಿಕ್ಸ್ ಎಂಬ ಪುಟ್ಟ ವ್ಯವಸ್ಥೆಯನ್ನು ಬರೆದು 1987ರಲ್ಲಿ ಪಠ್ಯಪುಸ್ತಕದ ಜೊತೆಗೆ ಪ್ರಕಟಿಸಿದರು. ಉಪಾಧ್ಯಾಯನೊಬ್ಬ ತನ್ನ ಶಿಷ್ಯರಿಗಾಗಿ ಮಾಡಿದ ಈ ದುಡಿಮೆಯ ಬಗ್ಗೆ ನನಗೆ ವಿಶೇಷ ಗೌರವ. ಅಗ್ಗದ ಯಂತ್ರಗಳಲ್ಲಿ ಓಡಲೆಂದು ಅದನ್ನು ಇಂಟೆಲ್ಲಿನ 16 ಬಿಟ್‌ನ 8086 ಸಂಸ್ಕಾರಕಕ್ಕೆ ಬರೆದಿದ್ದರು. ಹಾಗಾಗಿ ಒಂದು ಕ್ರಮವಿಧಿಯ ಆದೇಶಗಳಿಗೆ 64 ಕಿಲೋಬೈಟ್, ದತ್ತಕ್ಕೆ 64 ಕಿಲೋಬೈಟ್ ಎಂಬ ಮಿತಿ ಇತ್ತು. ಮಿನಿಕ್ಸಿನ ಜೊತೆ ಬರುತ್ತಿದ್ದ ಕಂಪೈಲರು ಆ ಇಕ್ಕಟ್ಟಿನಲ್ಲಿ ಬಾಳಬಲ್ಲಂಥದು.

ಎರಡನೆಯ ಸಾಲ ರಿಚರ್ಡ್ ಸ್ಟಾಲ್‌ಮನ್ ಅವರದು. ಎಲ್ಲರೂ ಓದಿ, ತಿದ್ದಿ, ಹಂಚಬಹುದಾದ ಒಂದು ಸಂಪೂರ್ಣ ವ್ಯವಸ್ಥೆಯನ್ನು ಕಟ್ಟುವುದಾಗಿ ಅವರು 1983ರ ಸೆಪ್ಟೆಂಬರಿನಲ್ಲಿ ಗ್ನೂ ಯೋಜನೆಯನ್ನು ಪ್ರಕಟಿಸಿದರು. ಅವರು ಮೊದಲು ಕರ್ನಲ್ ಬರೆಯಲು ಹೋಗದೆ ಸಲಕರಣೆಗಳಿಂದ ಆರಂಭಿಸಿದರು. ಮನೆಗಿಂತ ಮೊದಲು ಗರಗಸ, ಉಳಿ, ಸುತ್ತಿಗೆ. ಅವರ ಕಂಪೈಲರ್ ಜಿಸಿಸಿ 1987ರಲ್ಲಿ ಹೊರಬಂದಿತು. ಅದರ ಜೊತೆಗೆ ಗ್ನೂ ಅಸೆಂಬ್ಲರ್, ಗ್ನೂ ಲಿಂಕರ್ ಕೂಡ ಬಂದವು. ಆದರೆ ಜಿಸಿಸಿ 32 ಬಿಟ್ ಯಂತ್ರಗಳಿಗೆಂದು ಹುಟ್ಟಿದ ಭಾರಿ ಗಾತ್ರದ ಕಂಪೈಲರು. ಮಿನಿಕ್ಸಿನ 64 ಕಿಲೋಬೈಟ್ ಕೋಣೆಯಲ್ಲಿ ಈ ಆನೆಯನ್ನು ಕಟ್ಟುವುದೆಂತು?

ಮೂರನೆಯ ಸಾಲ ಇದಕ್ಕೆ ಉತ್ತರ ಕೊಟ್ಟಿತು. ಆಸ್ಟ್ರೇಲಿಯದ ಬ್ರೂಸ್ ಇವಾನ್ಸ್ ಎಂಬ ಹವ್ಯಾಸಿ ಮಿನಿಕ್ಸನ್ನು 386 ಸಂಸ್ಕಾರಕದ ಮೇಲೆ 32 ಬಿಟ್‌ನಲ್ಲಿ ಓಡುವಂತೆ ತಿದ್ದಿದರು. ಮಿನಿಕ್ಸ್ ಪ್ರಕಾಶಕರ ಹಕ್ಕಿಗೆ ಒಳಪಟ್ಟದ್ದಾದ್ದರಿಂದ ತಿದ್ದಿದ ವ್ಯವಸ್ಥೆಯನ್ನೇ ಹಂಚುವಂತಿರಲಿಲ್ಲ. ಮೂಲವನ್ನು ಕೊಂಡವನು ಇವಾನ್ಸರ ತಿದ್ದುಪಡಿಗಳನ್ನು ಬೇರೆಯಾಗಿ ತರಿಸಿ, ತಾನೇ ಹಚ್ಚಿ, ತಾನೇ ಮತ್ತೆ ಕಂಪೈಲ್ ಮಾಡಿಕೊಳ್ಳಬೇಕಾಗಿತ್ತು. ಇವಾನ್ಸ್ ಒಂದು ಪುಟ್ಟ ಅಸೆಂಬ್ಲರನ್ನೂ ಲಿಂಕರನ್ನೂ ಬರೆದಿದ್ದರು. ಮುಂದೆ ಲಿನಕ್ಸಿಗೆ ಅವು ಎಷ್ಟು ಬೇಕಾದವು ಎಂಬುದನ್ನು ಈಗ ನೋಡುತ್ತೇವೆ.

ಹೆಲ್ಸಿಂಕಿ, 1991

1991ರ ಜನವರಿಯಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 386 ಸಂಸ್ಕಾರಕವಿದ್ದ ಗಣಕವೊಂದನ್ನು ಕಂತಿನ ಮೇಲೆ ಕೊಂಡ. ಅದರಲ್ಲಿ 4 ಮೆಗಾಬೈಟ್ ಸ್ಮೃತಿ, 40 ಮೆಗಾಬೈಟ್ ಹಾರ್ಡ್‌ಡಿಸ್ಕ್. ಮಿನಿಕ್ಸನ್ನು ಹಾಕಿ, ಇವಾನ್ಸರ ತಿದ್ದುಪಡಿಗಳನ್ನು ಹಚ್ಚಿ, ಜಿಸಿಸಿಯನ್ನು ಕೂರಿಸಿಕೊಂಡ. ವಿಶ್ವವಿದ್ಯಾಲಯದ ಯಂತ್ರಕ್ಕೆ ಸಂಪರ್ಕಿಸಲು ಬರೆದ ಸಣ್ಣ ಕ್ರಮವಿಧಿಯೊಂದು ದಿನದಿಂದ ದಿನಕ್ಕೆ ಬೆಳೆದು ಕಾರ್ಯಾಚರಣ ವ್ಯವಸ್ಥೆಯ ರೂಪ ತಾಳಿತು. ಆಗಸ್ಟ್ 25ರಂದು ಮಿನಿಕ್ಸ್ ಬಳಕೆದಾರರಿಗೆ ಬರೆದ ಪ್ರಸಿದ್ಧ ಪತ್ರದಲ್ಲಿ ಅವನು ತನ್ನ ಕೆಲಸವನ್ನು ಬರಿಯ ಹವ್ಯಾಸವೆಂದು ಕರೆದುಕೊಂಡ. ಆಗ ಅವನಿಗೆ 21 ವರ್ಷ.

ಆ ಪತ್ರದಲ್ಲಿ ಒಂದು ಮಾತನ್ನು ಹೆಚ್ಚು ಜನ ಗಮನಿಸಿಲ್ಲ. ತನ್ನ ವ್ಯವಸ್ಥೆಯ ಮೇಲೆ ಬ್ಯಾಷ್ ಎಂಬ ಷೆಲ್ಲನ್ನೂ ಜಿಸಿಸಿಯ 1.40ನೆಯ ಆವೃತ್ತಿಯನ್ನೂ ಓಡಿಸಿದ್ದೇನೆ ಎಂದು ಅವನು ಹೇಳಿಕೊಂಡಿದ್ದ. ನೂರಾರು ಕ್ರಮವಿಧಿಗಳಲ್ಲಿ ಇವೆರಡನ್ನೇ ಮೊದಲು ಏಕೆ ಆರಿಸಿಕೊಂಡ? ಒಂದು ಆಜ್ಞೆ ಕೊಡಲು, ಇನ್ನೊಂದು ತನ್ನನ್ನು ತಾನೇ ಕಟ್ಟಿಕೊಳ್ಳಲು. ಒಲೆ ಹೂಡುವ ಸಂಕಲ್ಪ ಮೊದಲ ದಿನದಿಂದಲೇ ಇತ್ತು.

ಸೆಪ್ಟೆಂಬರಿನಲ್ಲಿ 0.01 ಆವೃತ್ತಿಯ ಸುಮಾರು 10,000 ಸಾಲುಗಳ ಮೂಲಪಠ್ಯ ಫಿನ್ಲೆಂಡಿನ ಜಾಲಕೇಂದ್ರವೊಂದರಲ್ಲಿ ದೊರೆಯಿತು. ಅದನ್ನು ಕಟ್ಟಲು ಮಿನಿಕ್ಸ್ ಬೇಕೇ ಬೇಕಾಗಿತ್ತು. ಕೂಸು ಹುಟ್ಟಿತ್ತು, ಹೊಕ್ಕುಳಬಳ್ಳಿ ಇನ್ನೂ ಕತ್ತರಿಸಿರಲಿಲ್ಲ.

ಎರಡು ಭಾಷೆಯ ತುಂಡುಗಳು

ಆ ಮೂಲಪಠ್ಯದ ಜೋಡಣೆಯ ವಿಧಾನವನ್ನು ನೋಡಿದರೆ ಬೇರೆ ಬೇರೆ ಮನೆಗಳಿಂದ ತಂದ ಬಟ್ಟೆಯ ಚೂರುಗಳಿಂದ ಹೊಲಿದ ಕೌದಿ ನೆನಪಾಗುತ್ತದೆ. 386 ಯಂತ್ರ ವಿದ್ಯುತ್ ಹರಿದೊಡನೆ ಎಚ್ಚರಗೊಳ್ಳುವುದು ಹಳೆಯ 16 ಬಿಟ್ ಅವಸ್ಥೆಯಲ್ಲಿ. ಆಮೇಲೆ ಆದೇಶ ಕೊಟ್ಟು ಅದನ್ನು 32 ಬಿಟ್‌ಗೆ ಏರಿಸಬೇಕು. ಆ ಕಾಲದ ಗ್ನೂ ಅಸೆಂಬ್ಲರಿಗೆ 16 ಬಿಟ್ ಆದೇಶಗಳನ್ನು ಬರೆಯಲು ಬಾರದು. ಆದ್ದರಿಂದ ಎಚ್ಚರಿಸುವ ಮೊದಲ ತುಂಡುಗಳನ್ನು ಮಿನಿಕ್ಸ್ ಶೈಲಿಯ 16 ಬಿಟ್ ಅಸೆಂಬ್ಲರಿಗೆ ಬರೆಯಬೇಕಾಯಿತು. ಮುಂದಿನ ಆವೃತ್ತಿಗಳಲ್ಲಿ ಆ ಕೆಲಸಕ್ಕೆ ನಿಂತದ್ದು ಇವಾನ್ಸರ ಪುಟ್ಟ ಅಸೆಂಬ್ಲರು. ಉಳಿದ ಕರ್ನಲ್ಲಿಗೆ ಜಿಸಿಸಿ ಮತ್ತು ಗ್ನೂ ಅಸೆಂಬ್ಲರ್. ಈ ಎರಡು ಅಸೆಂಬ್ಲರುಗಳ ಬರವಣಿಗೆಯ ರೀತಿಯೂ ಬೇರೆ. ಒಂದರಲ್ಲಿ "ಎಲ್ಲಿಗೆ" ಎಂಬುದು ಮೊದಲು, "ಎಲ್ಲಿಂದ" ಎಂಬುದು ಆಮೇಲೆ. ಇನ್ನೊಂದರಲ್ಲಿ ಇದಕ್ಕೆ ಸರಿಯಾಗಿ ತಿರುಗುಮುರುಗು. ಒಂದೇ ವ್ಯವಸ್ಥೆಯನ್ನು ಬರೆಯುವಾಗ ಒಂದು ಕಡತದಲ್ಲಿ ಎಡದಿಂದಲೂ ಇನ್ನೊಂದರಲ್ಲಿ ಬಲದಿಂದಲೂ ಯೋಚಿಸಬೇಕು!

ಹೊಲಿಗೆಯಲ್ಲಿ ಮತ್ತೊಂದು ಸೂಕ್ಷ್ಮವಿತ್ತು. ಅಸೆಂಬ್ಲರ್, ಲಿಂಕರುಗಳು ತಾವು ಮಾಡಿದ ಕಡತದ ನೆತ್ತಿಯ ಮೇಲೆ ಒಂದು ಚೀಟಿ ಅಂಟಿಸುತ್ತವೆ: ಇಷ್ಟು ಬೈಟ್ ಆದೇಶ, ಇಷ್ಟು ಬೈಟ್ ದತ್ತ, ಆರಂಭ ಇಲ್ಲಿ ಎಂದು. ಆ ಚೀಟಿಯನ್ನು ಓದುವವನು ಕಾರ್ಯಾಚರಣ ವ್ಯವಸ್ಥೆ. ಆದರೆ ಇಲ್ಲಿ ಕಟ್ಟುತ್ತಿರುವುದು ಕಾರ್ಯಾಚರಣ ವ್ಯವಸ್ಥೆಯನ್ನೇ! ಯಂತ್ರ ಎಚ್ಚರಗೊಳ್ಳುವ ಹೊತ್ತಿಗೆ ಆ ಚೀಟಿಯನ್ನು ಓದುವವರು ಯಾರೂ ಇರುವುದಿಲ್ಲ. ಆದ್ದರಿಂದ ಲಿನಸ್ ಒಂದು ಪುಟ್ಟ ಸಹಾಯಕ ಕ್ರಮವಿಧಿಯನ್ನು ಬರೆದ. ಅದು ಮಿನಿಕ್ಸ್ ಶೈಲಿಯ ಕಡತದ 32 ಬೈಟ್ ಚೀಟಿಯನ್ನೂ ಜಿಸಿಸಿ ಶೈಲಿಯ ಕಡತದ 1024 ಬೈಟ್ ಚೀಟಿಯನ್ನೂ ಹರಿದುಹಾಕಿ, ಮೊದಲ ತುಂಡು ಫ್ಲಾಪಿಯ ಒಂದು ವಲಯಕ್ಕೆ, ಅಂದರೆ 512 ಬೈಟ್‌ಗೆ ಹಿಡಿಯುತ್ತದೆಯೇ ಎಂದು ಪರೀಕ್ಷಿಸಿ, ತುಂಡುಗಳನ್ನು ಸಾಲಾಗಿ ಪೋಣಿಸುತ್ತಿತ್ತು. ಸಾಲಿನಲ್ಲಿ ಯಾರು ಮೊದಲು ಎಂಬುದೂ ಮುಖ್ಯ. 32 ಬಿಟ್‌ಗೆ ಏರಿದ ಯಂತ್ರ ಕಣ್ಣುಮುಚ್ಚಿ ಸೊನ್ನೆಯ ವಿಳಾಸಕ್ಕೆ ಜಿಗಿಯುತ್ತಿತ್ತು. ಅಲ್ಲಿ ಇರಬೇಕಾದ ತುಂಡು ಬದಲಾಗಿ ಬೇರೊಂದು ತುಂಡು ಕುಳಿತಿದ್ದರೆ ಮುಂದಿನದೆಲ್ಲ ಕತ್ತಲೆ.

ಹೊಕ್ಕುಳಬಳ್ಳಿ ಕತ್ತರಿಸಿದ್ದು

ಅಕ್ಟೋಬರ್ 5ರಂದು 0.02 ಆವೃತ್ತಿ ಬಂದಿತು. ಜಿಸಿಸಿ, ಮೇಕ್ ಮುಂತಾದ ಗ್ನೂ ಸಲಕರಣೆಗಳು ಅದರ ಮೇಲೆ ಓಡುತ್ತಿವೆಯೆಂದು ಲಿನಸ್ ಪ್ರಕಟಿಸಿದ. ವರ್ಷದ ಕೊನೆಯ ವೇಳೆಗೆ ಒಂದು ಅವಘಡ ನಡೆಯಿತು. ಮೋಡೆಮ್ಮಿಗೆ ಕಳಿಸಬೇಕಾಗಿದ್ದ ಆಜ್ಞೆಯನ್ನು ಅವನು ಪ್ರಮಾದದಿಂದ ಹಾರ್ಡ್‌ಡಿಸ್ಕಿಗೆ ಕಳಿಸಿಬಿಟ್ಟ. ಮಿನಿಕ್ಸ್ ಇದ್ದ ಭಾಗ ಹಾಳಾಯಿತು. ಮಿನಿಕ್ಸನ್ನು ಮತ್ತೆ ಹಾಕಿಕೊಳ್ಳಬಹುದಾಗಿತ್ತು. ಅವನು ಹಾಕಿಕೊಳ್ಳಲಿಲ್ಲ. ತನ್ನ ವ್ಯವಸ್ಥೆಯಲ್ಲೇ ಇನ್ನು ಬಾಳುವುದೆಂದು ನಿರ್ಧರಿಸಿದ. ಡಿಸೆಂಬರಿನಲ್ಲಿ ಬಂದ 0.11 ಆವೃತ್ತಿಯನ್ನು ಓಡಿಸುತ್ತಿದ್ದ ಗಣಕದಲ್ಲಿ 0.11ರ ಮೂಲಪಠ್ಯವನ್ನು ಕಂಪೈಲ್ ಮಾಡಿ, ಅಸೆಂಬಲ್ ಮಾಡಿ, ಲಿಂಕ್ ಮಾಡಿ ಹೊಸ ಕರ್ನಲ್ಲನ್ನು ಪಡೆಯಬಹುದಾಗಿತ್ತು. ಬಾಡಿಗೆ ಮನೆ ಕುಸಿದಾಗ ಸ್ವಂತ ಮನೆಯ ಒಲೆ ಹೊತ್ತಿಕೊಂಡಿತು.

ಈ ಸ್ವಾವಲಂಬನೆಗೆ ಎಷ್ಟು ಬೆಲೆ ಇತ್ತೆಂಬುದಕ್ಕೆ ಅದೇ ತಿಂಗಳ ಇನ್ನೊಂದು ಪ್ರಸಂಗವಿದೆ. ಜರ್ಮನಿಯ ಬಳಕೆದಾರನೊಬ್ಬನ ಯಂತ್ರದಲ್ಲಿ ಇದ್ದದ್ದು 2 ಮೆಗಾಬೈಟ್ ಸ್ಮೃತಿ ಮಾತ್ರ. ಅಷ್ಟರಲ್ಲಿ ಜಿಸಿಸಿ ಓಡದು. ಹಾಗಾಗಿ ಅವನು ಕರ್ನಲ್ಲನ್ನು ತಾನೇ ಕಟ್ಟಿಕೊಳ್ಳಲಾರ. ಇನ್ನೂ ಚಿಕ್ಕ ಕಂಪೈಲರು ಸಿಗಬಹುದೇ ಎಂದು ಅವನು ಕೇಳಿದ. ಲಿನಸ್ ಕಂಪೈಲರನ್ನು ಕುಗ್ಗಿಸುವ ಬದಲು ಸ್ಮೃತಿಯನ್ನು ಹಿಗ್ಗಿಸುವ ಉಪಾಯ ಹುಡುಕಿದ. ಸದ್ಯಕ್ಕೆ ಬೇಡವಾದ ಪುಟಗಳನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುವ ಏರ್ಪಾಡನ್ನು ಕರ್ನಲ್ಲಿಗೆ ಸೇರಿಸಿದ. 1992ರ ಜನವರಿಯ 0.12 ಆವೃತ್ತಿಯಲ್ಲಿ ಅದು ಬಂದಿತು. ಮಿನಿಕ್ಸಿನಲ್ಲಿ ಇಲ್ಲದಿದ್ದ ಈ ಸೌಲಭ್ಯ ಲಿನಕ್ಸಿಗೆ ದೊಡ್ಡ ಹೆಸರು ತಂದಿತು. ಅದು ಹುಟ್ಟಿದ್ದು ಒಬ್ಬ ಬಡ ಬಳಕೆದಾರ ತನ್ನ ವ್ಯವಸ್ಥೆಯನ್ನು ತಾನೇ ಕಟ್ಟಿಕೊಳ್ಳಬೇಕೆಂಬ ಹಂಬಲದಿಂದ.

ಅದೇ 0.12ರ ಜೊತೆಗೆ ಇನ್ನೊಂದು ಪ್ರಕಟಣೆಯೂ ಇತ್ತು. ಅದುವರೆಗೆ ಲಿನಕ್ಸನ್ನು ಹಣಕ್ಕಾಗಿ ಹಂಚಬಾರದೆಂಬ ನಿರ್ಬಂಧವಿತ್ತು. 1992ರ ಫೆಬ್ರವರಿ 1ರಿಂದ ಅದು ಗ್ನೂ ಸಾರ್ವಜನಿಕ ಪರವಾನಗಿಗೆ ಒಳಪಡುವುದೆಂದು ಲಿನಸ್ ತಿಳಿಸಿದ. ಜಿಸಿಸಿ ಯಾವ ಕರಾರಿನ ಮೇಲೆ ಅವನಿಗೆ ದೊರೆತಿತ್ತೋ ಅದೇ ಕರಾರಿನ ಮೇಲೆ ಅವನು ತನ್ನ ಕೃತಿಯನ್ನು ಲೋಕಕ್ಕೆ ಕೊಟ್ಟ. ಪಡೆದ ಬೀಜವನ್ನು ಬಿತ್ತಿ, ಬೆಳೆದ ಮೇಲೆ ಬೀಜವನ್ನೇ ಹಂಚುವ ನಮ್ಮ ರೈತರ ಪದ್ಧತಿಯಂತೆ.

ಎ.ಔಟ್ ಎಂಬ ಹೆಸರಿನ ಗತಿ

ಹೊಲಿಗೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆರಂಭದ ಲಿನಕ್ಸ್ ಬಳಸಿದ ಕಡತ ವಿನ್ಯಾಸ ಯುನಿಕ್ಸ್ ಪರಂಪರೆಯಿಂದ ಬಂದ ಎ.ಔಟ್. ಪ್ರತಿಯೊಂದು ಕ್ರಮವಿಧಿಯೂ ಭಂಡಾರದ ಉಪವಿಧಿಗಳ ಒಂದೊಂದು ನಕಲನ್ನು ಹೊತ್ತುಕೊಂಡರೆ ಸಣ್ಣ ಡಿಸ್ಕುಗಳು ತುಂಬಿಹೋಗುತ್ತವೆ. ಅದಕ್ಕಾಗಿ ಎಲ್ಲರೂ ಹಂಚಿಕೊಳ್ಳುವ ಒಂದೇ ಭಂಡಾರವನ್ನು ಮಾಡಿದರು. ಆದರೆ ಎ.ಔಟ್ ವಿನ್ಯಾಸದಲ್ಲಿ ಅಂಥ ಭಂಡಾರ ಸ್ಮೃತಿಯ ಒಂದು ನಿಗದಿತ ವಿಳಾಸದಲ್ಲಿಯೇ ಕೂರಬೇಕು. ಹೊಸ ಭಂಡಾರ ಬಂದಾಗಲೆಲ್ಲ ಅದಕ್ಕೊಂದು ವಿಳಾಸವನ್ನು ಕಾದಿರಿಸಬೇಕು. ಒಂದರ ಜಾಗದ ಮೇಲೆ ಇನ್ನೊಂದು ಬಂದರೆ ಜಗಳ. ವೀಲರ್ 1949ರಲ್ಲಿ ಬಿಡಿಸಿದ್ದ ಗಂಟು ನಾಲ್ಕು ದಶಕಗಳ ಮೇಲೆ ಬೇರೆ ವೇಷದಲ್ಲಿ ಮರಳಿ ಬಂದಿತ್ತು!

ಪರಿಹಾರ ದೊರೆತದ್ದು ಯುನಿಕ್ಸಿನ ಸಿಸ್ಟಮ್ ಫೈವ್ ಶಾಖೆಯಲ್ಲಿ ರೂಪುಗೊಂಡ ಎಲ್ಫ್ ಎಂಬ ವಿನ್ಯಾಸದಿಂದ. ಇದರಲ್ಲಿ ಭಂಡಾರ ಎಲ್ಲಿ ಬೇಕಾದರೂ ಕೂರಬಹುದು. ಕೊನೆಯ ಹೊಲಿಗೆ ನಡೆಯುವುದು ಕ್ರಮವಿಧಿ ಓಡತೊಡಗುವ ಗಳಿಗೆಯಲ್ಲಿ. 1995ರ ಸುಮಾರಿಗೆ ಲಿನಕ್ಸ್ ಲೋಕ ಎಲ್ಫ್‌ಗೆ ತಿರುಗಿತು. ಹಳೆಯ ಎ.ಔಟ್ ಕಡತಗಳನ್ನು ಓಡಿಸುವ ಭಾಗವನ್ನು 2022ರಲ್ಲಿ ಕರ್ನಲ್ಲಿನಿಂದ ತೆಗೆದುಹಾಕಿದರು.

ಹಾಗಾದರೆ ಆ ಹೆಸರು ಅಳಿಯಿತೆ? ಇಲ್ಲ. ಇಂದಿಗೂ ಲಿನಕ್ಸ್ ಗಣಕದ ಮುಂದೆ ಕುಳಿತ ವಿದ್ಯಾರ್ಥಿ ತನ್ನ ಮೊದಲ ಸಿ ಕ್ರಮವಿಧಿಯನ್ನು ಬರೆದು, ಫಲಿತಕ್ಕೆ ಹೆಸರು ಕೊಡದೆ ಜಿಸಿಸಿಗೆ ಒಪ್ಪಿಸಿದರೆ, ಹೊರಬರುವ ಕಡತದ ಹೆಸರು ಎ.ಔಟ್ ಎಂದೇ ಇರುತ್ತದೆ. ಒಳಗಿನ ವಿನ್ಯಾಸ ಎಲ್ಫ್, ಅದನ್ನು ಹೊರಹಾಕಿದ್ದು ಲಿಂಕರ್; ಹೆಸರು ಮಾತ್ರ ಲಿಂಕರೇ ಇಲ್ಲದಿದ್ದ ಪಿಡಿಪಿ-7ರ ಅಸೆಂಬ್ಲರಿನದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ನಮ್ಮಲ್ಲಿ ಮಾತ್ರ ಇದೆಯೆಂದು ತಿಳಿಯಬೇಕಿಲ್ಲ.

ಇನ್ನೊಂದು ಮಾತನ್ನು ಹೇಳಿ ಮುಗಿಸುತ್ತೇನೆ. ಟ್ಯೂರಿಂಗ್ ಪ್ರಶಸ್ತಿಯನ್ನು ಸ್ವೀಕರಿಸಿ ಥಾಂಪ್ಸನ್ ಅವರು ಮಾಡಿದ, 1984ರಲ್ಲಿ ಪ್ರಕಟವಾದ ಉಪನ್ಯಾಸವೊಂದರಲ್ಲಿ ಬೆಚ್ಚಿಬೀಳಿಸುವ ಸಂಗತಿಯೊಂದನ್ನು ವಿವರಿಸಿದ್ದಾರೆ. ಕಂಪೈಲರಿನೊಳಗೆ ಒಂದು ಕಳ್ಳಬಾಗಿಲನ್ನು ಅಡಗಿಸಿಟ್ಟರೆ, ಅದರಿಂದ ಕಟ್ಟಿದ ಮುಂದಿನ ಕಂಪೈಲರಿಗೂ ಆ ಕಳ್ಳಬಾಗಿಲು ದಾಟಬಲ್ಲದು. ಮೂಲಪಠ್ಯದಲ್ಲಿ ಅದರ ಸುಳಿವೂ ಕಾಣದು. ಅಂದರೆ ಸುತ್ತಿಗೆಯ ಗುಣವೂ ದೋಷವೂ ಅದು ಬಡಿದ ಸುತ್ತಿಗೆಗೆ ಬರುತ್ತವೆ. ತನ್ನನ್ನು ತಾನೇ ಕಟ್ಟಿಕೊಳ್ಳುವ ವ್ಯವಸ್ಥೆಯೂ ತನಗಿಂತ ಹಿಂದಿನವರ ಪ್ರಾಮಾಣಿಕತೆಯ ಮೇಲೆ ನಿಂತಿದೆ.

ಆದ್ದರಿಂದ ತನ್ನ ಕಾಲ ಮೇಲೆ ತಾನು ನಿಲ್ಲುವುದೆಂದರೆ ಯಾರ ಹಂಗೂ ಇಲ್ಲದಿರುವುದು ಎಂದು ನಾನು ಭಾವಿಸಲಾರೆ. ಲಿನಕ್ಸ್ ನಿಂತದ್ದು ಒಬ್ಬ ಅಧ್ಯಾಪಕನ ಪಾಠದ ಮೇಲೆ, ಒಬ್ಬ ಹಟವಾದಿಯ ಸಲಕರಣೆಗಳ ಮೇಲೆ, ಭೂಮಿಯ ಇನ್ನೊಂದು ಬದಿಯ ಹವ್ಯಾಸಿಯ ತಿದ್ದುಪಡಿಗಳ ಮೇಲೆ. ಆ ಮೂವರೂ ತಮ್ಮ ಮೂಲಪಠ್ಯವನ್ನೋ ತಿದ್ದುಪಡಿಯನ್ನೋ ಓದುವವರ ಕಣ್ಣಿಗೆ ತೆರೆದಿಟ್ಟಿದ್ದರಿಂದಲೇ ಅವನಿಗೆ ಅದು ಸಾಧ್ಯವಾಯಿತು. ಸಂಚಿಕೆಯ ಮುಖಪುಟದಲ್ಲಿ ಲೇಖಕರ ಹೆಸರುಗಳಿರುತ್ತವೆ. ಪುಟಗಳನ್ನು ಜೋಡಿಸಿ, ಅಂಕಿಗಳನ್ನು ತಿದ್ದಿ, ಹೊಲಿದವನ ಹೆಸರು ಇರುವುದಿಲ್ಲ. ಆದರೆ ಆ ದಾರ ಬಿಚ್ಚಿದರೆ ಉಳಿಯುವುದು ಗಾಳಿಗೆ ಹಾರುವ ಹಾಳೆಗಳು ಮಾತ್ರ.